ಹಿಮ್ಮಡಿ ನೋವೂ ಹೆಣ್ಣು ನೋಡುವ ಶಾಸ್ತ್ರವೂ

ಕಂಡಕ್ಟರನಿಗೆ ಕಾಲುನೋವು ಬಂದರೆ ಅದು ಅವನೊಬ್ಬನದಾಗಿ ಉಳಿಯುವುದಿಲ್ಲ, ಬಸ್ಸು ಹತ್ತಿದವರೆಲ್ಲ ಪಾಲಿಗೆ ಬರುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರು-ಮಾನ್ವಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದಾಗ ಬಲಗಾಲಿನ ಹಿಮ್ಮಡಿ ಹಿಡಿದುಕೊಂಡಿತು. ಬೆಳಿಗ್ಗೆ ಎದ್ದು ಕಾಲೂರಿದರೆ ಜೀವ ಹೋದಂತಾಗುತ್ತಿತ್ತು. ನನ್ನ ಚಿಂತೆ ಮಾತ್ರ ಬೇರೆಯೇ ಇತ್ತು. ದೇವದುರ್ಗದಲ್ಲಿ ಹೆಣ್ಣು ನೋಡುವುದು ನಿಗದಿಯಾಗಿತ್ತು. ಮೊದಲೇ ಒಂದೆರಡು ಸಂಬಂಧ ತಪ್ಪಿದ್ದವು. ಕುಂಟುತ್ತ ಹೋದರೆ ಇದೂ ಹೋದಂತೆಯೇ.

೧. ಡಾಕ್ಟರು ಹೇಳಿದ್ದು

ರಾಯಚೂರಿನ ಡಾಕ್ಟರು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಚೀರಿದೆ. “ನೋವು ಇಲ್ಲೇ ಅದ” ಎಂದರು, ಅದು ನನಗೆ ಗೊತ್ತೇ ಇರಲಿಲ್ಲವೆಂಬಂತೆ.

“ಯಾಕ ಬಂದದರೀ ಸಾಹೇಬ್ರ?”

“ದಿನಾ ನಿಂತು ನಿಂತು ಬರ್ತದ. ತೆಳ್ಳನ್ನ ಚಪ್ಪಲಿ, ಬರಿಗಾಲಿಲೆ ಫರಸಿ ಕಲ್ಲಿನ ಮ್ಯಾಲ ಓಡಾಡೋದು, ಮೈ ಭಾರ ಆಗೋದು, ಇವೂ ಕಾರಣ. ಸ್ವಲ್ಪ ದಿನ ಕುಂತು ಕೆಲಸ ಮಾಡು. ನನ್ನ ನೋಡು, ಜೀವನಪೂರ್ತಿ ಕುಂತೀನಿ, ಹಿಮ್ಮಡ ಹ್ಯಾಂಗ ಅದ!”

ಮಾತ್ರೆ ತೆಗೆದುಕೊಡಲು ಎದ್ದವರು ಅರ್ಧಕ್ಕೇ ಸೊಂಟ ಹಿಡಿದು ನಿಂತರು. ಮತ್ತೆ ಕುರ್ಚಿಯಲ್ಲಿ ಕೂರಿಸಿದವನು ನಾನೇ.

೨. ಜಾಲಿಮುಳ್ಳು

ಕಲ್ಲೂರು ದಾಟಿದ ಮೇಲೆ ಬಾಗಲವಾಡದ ರೈತನೊಬ್ಬ ನನ್ನ ಕುಂಟಾಟ ನೋಡಿದ. “ಡಾಕ್ಟರಿಗೇನು ಗೊತ್ತಪಾ, ಇದು ಜಾಲಿಮುಳ್ಳು. ಒಳಗ ಮುರದದ” ಎಂದು ಉಡದಾರಕ್ಕೆ ಕಟ್ಟಿಕೊಂಡಿದ್ದ ಮುಳ್ಳು ಕೀಳುವ ಚಿಮಟ ಬಿಚ್ಚಿದ. ಓಡುವ ಬಸ್ಸಿನಲ್ಲಿ ಚುಚ್ಚಿದರೆ ಕಾಲೇ ಹೋದೀತೆಂದು ಡ್ರೈವರ್ ಬೇವಿನ ಮರದ ಕೆಳಗೆ ಬಸ್ಸು ನಿಲ್ಲಿಸಿದ. ಕೆದರಿದ್ದೇ ಕೆದರಿದ್ದು, ಮುಳ್ಳಿಲ್ಲ. ಕೈಗೆ ಚಿಮಟ ಬಂದವನು ಸುಮ್ಮನಿರುತ್ತಾನೆಯೇ? ಪಕ್ಕದವಳ ಕಾಲಿನ ಮುಳ್ಳು ತೆಗೆದ, ಹಿಂದಿನ ಸೀಟಿನ ಅಜ್ಜನದು ತೆಗೆದ. ಬಸ್ಸಿನವರೆಲ್ಲ ಕಾಲು ಚಾಚಿದರು, ಕಡೆಗೆ ಡ್ರೈವರೂ.

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರು, “ಯಾಕ್ರೀ ಲೇಟು? ಗಾಲಿ ಪಂಚರೇನು?” ಎಂದರು.

“ಗಾಲಿ ಅಲ್ರೀ,” ಎಂದ ಡ್ರೈವರ್, “ಪ್ಯಾಸೆಂಜರ್ ಪಂಚರ್.”

೩. ಗಂಡೂ ನಡೀಲಿ

ದೇವದುರ್ಗಕ್ಕೆ ನನ್ನ ಕಡೆಯ ಹಿರಿಯನಾಗಿ ಆ ಡ್ರೈವರೇ ಬಂದ. ಓಣಿಯ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ ಉಪಾಯ ಹೇಳಿಕೊಟ್ಟ: “ಒಂದ ಕಾಲು ಕುಂಟಿದ್ರ ಕುಂಟ ಅಂತಾರಲೇ. ಎರಡೂ ಕುಂಟು. ನಡಿಗಿನೇ ಹಂಗ ಅದ ಅಂತ ತಿಳ್ಕೋತಾರ.”

ಹುಡುಗಿಯನ್ನು ಬಾಗಿಲಿನಿಂದ ಚಾಪೆಯವರೆಗೆ ನಡೆಸಿದರು. ಬಾಲವಾಡಿ ಟೀಚರು. ಮುಖ ನೋಡಿದ್ದೇ ತಡ, ಈ ಸಂಬಂಧ ತಪ್ಪಿದರೆ ನಾನು ಕೆಟ್ಟೆ ಎನಿಸಿಬಿಟ್ಟಿತು. ಅಷ್ಟರಲ್ಲಿ ಅವಳ ಅಜ್ಜಿ, “ಬರೇ ಹೆಣ್ಣಿನ್ನ ನಡಿಸಿ ನೋಡೋದೇನು? ಗಂಡೂ ನಡೀಲಿ” ಎಂದಳು.

ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಗೋಡೆಯವರೆಗೆ ಹೋಗಿ ಬಂದೆ. ಅಜ್ಜಿ ನನ್ನ ಕಾಲನ್ನೇ ನೋಡುತ್ತ ಕೇಳಿದಳು:

“ಯಪ್ಪಾ, ಹಾಲಿಗೆ ಹೊಂಟ ಬೆಕ್ಕಿನಂಗ ಯಾಕ ನಡ್ಯಾಕತ್ತಿ?”

“ಯವ್ವಾ, ಬಲಗಾಲ ಹಿಮ್ಮಡ ನೋವದ” ಎಂದುಬಿಟ್ಟೆ.

“ಮತ್ತ ಎಡಗಾಲು?”

“ಅದು ಜೋಡಿಗೆ.”

ಹುಡುಗಿಯ ಅಪ್ಪ ಮುಖ ಸಿಂಡರಿಸಿದ. “ಈಗಲೇ ಹಿಂಗಾದ್ರ ಮುಂದ ಹ್ಯಾಂಗ? ನನ್ನ ನೋಡ್ರಿ, ಈ ವಯಸ್ಸಿನ್ಯಾಗೂ ಹಿಮ್ಮಡ ಕಲ್ಲಿದ್ದಂಗ ಅದ. ಈ ಸಂಬಂಧ ಬ್ಯಾಡ ಬಿಡ್ರಿ.”

ಹುಡುಗಿ ತಗ್ಗಿಸಿದ ತಲೆ ಎತ್ತದೆಯೇ ಅಂದಳು:

“ಅಜ್ಜಿ, ನನಗ ಇವರೇ ಇರಲಿ. ಅಪ್ಪನ ಹಿಮ್ಮಡ ಗಟ್ಟಿ ಅದ, ಒಂದಿನಾನರ ಸಂಜಿಗೆ ಮನ್ಯಾಗ ನಿಂತಾನೇನು?”

ಅಜ್ಜಿ ಮಗನ ಮುಖವನ್ನೊಮ್ಮೆ ನೋಡಿದಳು. “ಬಾಯಿ ಸಿಹಿ ಮಾಡಾಕ ಸಕ್ರಿ ತರ್ರಿ” ಎಂದಳು.