ತನಗಿಂತ ಹೆಚ್ಚು ಬಾಳುವ ಜೇಡ

ಅಲೊಯ್ಸಿಗೆ ಇನ್ನೊಂದು ಗುಂಡಿ ತೋಡುವ ಶಕ್ತಿ ಇರಲಿಲ್ಲ. ಹೆಂಡತಿ ಗೆರ್ತ್ರುಡಾ ಹೋದ ಮೇಲೆ ಅವಳ ನಾಯಿ ಹೋಯಿತು. ನಾಯಿಯ ಹಿಂದೆ ಹಕ್ಕಿ. ಮನೆಯಲ್ಲಿ ಉಸಿರಾಡುವ ಜೀವವೊಂದು ಬೇಕು, ಆದರೆ ಅದು ತನಗಿಂತ ಮೊದಲು ಸಾಯಬಾರದು. ಈ ಹಟದಿಂದ ಪೋಲೆಂಡಿನ ಗಣಿಯೂರೊಂದರ ಈ ಮುದುಕ ಚಳಿಗಾಲವೆಲ್ಲ ಓದಿದ. ಆಮೆಗೆ ತೋಟ ಬೇಕು, ಗಿಳಿಗೆ ಮಾತು ಬೇಕು. ಟಾರಂಟುಲಾ ಜೇಡಕ್ಕೆ ಏನೂ ಬೇಡ. ಹೆಣ್ಣಾದರೆ ಇಪ್ಪತ್ತು ವರ್ಷ ಬಾಳುತ್ತದೆ. ಗಂಡು ಮಾತ್ರ ಪ್ರಾಯಕ್ಕೆ ಬಂದ ವರ್ಷದೊಳಗೇ ಸಾಯುತ್ತದೆ.

ಜೇಡ ಸಾಕುವ ಪುಸ್ತಕವೊಂದನ್ನು ಅರೆದು ಕುಡಿದ ಅಲೊಯ್ಸಿ ಕೊನೆಯ ಅಧ್ಯಾಯವನ್ನು ಮಾತ್ರ ಮುಟ್ಟಲಿಲ್ಲ. ಅದರ ಹೆಸರು ‘ಸಾವು, ಸಾವಲ್ಲದ್ದು’. ಮೊದಲ ಪದ ಕಂಡೊಡನೆ ಮುಚ್ಚಿಟ್ಟ. ಆ ಪಾಠ ಅವನಿಗೆ ಆಗಿತ್ತು.

ಈಸ್ಟರಿನ ಹಿಂದಿನ ಶನಿವಾರ ಬೆಳಿಗ್ಗೆ ಸಂತೆಗೆ ಹೋದ.

“ಹೆಣ್ಣೇ ತಾನೆ?”

“ಹೆಣ್ಣೇ ಇರ್ಬೇಕು ತಾತ,” ಎಂದ ಮಾರುವವನು. “ಇನ್ನೊಂದ್ಸಲ ಪೊರೆ ಬಿಟ್ರೆ ಖಾತ್ರಿಯಾಗುತ್ತೆ.”

ಜೇಡದ ಡಬ್ಬಿ ಹಿಡಿದು ಮನೆಗೆ ಮರಳುವಾಗ ಮೆಟ್ಟಿಲಲ್ಲಿ ನೆರೆಮನೆಯ ಉರ್ಸುಲಾ ಎದುರಾದಳು. ಇಗರ್ಜಿಯಲ್ಲಿ ಮಂತ್ರಿಸಿದ ಮೊಟ್ಟೆಯ ಬುಟ್ಟಿ ಒಂದು ಕೈಲಿ, ಪವಿತ್ರ ಜಲದ ಶೀಶೆ ಇನ್ನೊಂದರಲ್ಲಿ.

“ಯೇಸುವೇ! ಅದೇನ್ರೀ, ಏಡಿಗೆ ಗಡ್ಡ ಬಂದಿದೆ?”

“ಜೇಡ, ಉರ್ಸುಲಮ್ಮ. ನನಗಿಂತ ಹೆಚ್ಚು ಬಾಳುತ್ತೆ.”

“ಬಾಳ್ದೇ ಏನು! ನಿಮ್ಮನ್ನ ತಿಂದ್ಕೊಂಡು ಬಾಳುತ್ತೆ. ಗೆರ್ತ್ರುಡಾ ಇದ್ದಿದ್ರೆ ಪೊರಕೆ ತಗೋತಿದ್ಲು,” ಎಂದವಳೇ, ಯಾವುದಕ್ಕೂ ಇರಲಿ ಎಂದು ಡಬ್ಬಿಯೊಳಕ್ಕೆ ಪವಿತ್ರ ಜಲ ಚಿಮುಕಿಸಿದಳು.

ಮಧ್ಯಾಹ್ನದ ಹೊತ್ತಿಗೆ ಜೇಡ ಅಂಗಾತ ಬಿದ್ದಿತ್ತು. ಕಾಲುಗಳು ಆಕಾಶಕ್ಕೆ.

“ಎರಡೇ ಹನಿ ಹಾಕಿದ್ದು ಕಣ್ರೀ!” ಉರ್ಸುಲಾ ಅತ್ತೇಬಿಟ್ಟಳು. ಪ್ರಾಯಶ್ಚಿತ್ತಕ್ಕೆಂದು ತನ್ನ ಕೇಕಿನ ಡಬ್ಬಿ ಕೊಟ್ಟಳು. ಅಲೊಯ್ಸಿ ಜೇಡವನ್ನು ಅದರಲ್ಲಿ ಮಲಗಿಸಿ, ತೊಟ್ಟಿಲ ಕೂಸಿನಂತೆ ಅಲುಗಿಸದೆ ಹೊತ್ತು, ಅಂಗಳದ ಪೊದೆಯ ಕೆಳಗೆ, ಇಲ್ಲದ ಶಕ್ತಿಯನ್ನು ತಂದುಕೊಂಡು ಗುಂಡಿ ತೋಡಿ ಹೂಳಿದ. ಉರ್ಸುಲಾ ಪ್ರಾರ್ಥನೆ ಹೇಳಿದಳು. ಇಬ್ಬರೂ ನಗಲಿಲ್ಲ.

ಸಂಜೆ, ತನ್ನ ತಪ್ಪೇನೆಂದು ತಿಳಿಯಲು ಆತ ಆ ಅಧ್ಯಾಯ ತೆರೆದ. ‘ಸತ್ತ ಜೇಡ ಕಾಲು ಮುದುರಿ ಕುಕ್ಕರಿಸುತ್ತದೆ. ಅಂಗಾತ ಮಲಗಿದ್ದರೆ ಅದು ಪೊರೆ ಬಿಡುತ್ತಿದೆ. ಮುಟ್ಟಬೇಡಿ.’

ಪುಸ್ತಕ ಕಂಕುಳಲ್ಲಿಟ್ಟು, “ಉರ್ಸುಲಮ್ಮ, ಬನ್ನೀ!” ಎಂದು ಕೂಗುತ್ತ ಬರಿಗಾಲಲ್ಲೇ ಓಡಿದ. ಕೈಯಿಂದಲೇ ಮಣ್ಣು ಬಗೆದ. ಡಬ್ಬಿ ತೆರೆದಾಗ, ಯೇಸುವಿನ ಸಾವಿನ ಶೋಕದಲ್ಲಿ ಗುರುವಾರದಿಂದ ಮೌನವಾಗಿದ್ದ ಇಗರ್ಜಿಯ ಗಂಟೆಗಳು ಪುನರುತ್ಥಾನವನ್ನು ಸಾರುತ್ತ ಮೊಳಗಿದವು. ಒಳಗೆ ಟೊಳ್ಳು ಪೊರೆಯೊಂದು. ಪಕ್ಕದಲ್ಲಿ ಹೊಸ ಮೈಯ ಜೇಡ ಮೆಲ್ಲನೆ ಕಾಲೆತ್ತಿತು.

ಉರ್ಸುಲಾ ಕೆಸರಿನಲ್ಲೇ ಮೊಣಕಾಲೂರಿದಳು. “ನೋಡಿದ್ರಾ, ನನ್ನ ಪವಿತ್ರ ಜಲ!”

ಅಲೊಯ್ಸಿಯ ಗಡ್ಡದ ಮೇಲೆ ಕಣ್ಣೀರು ಇಳಿಯಿತು. ಉರ್ಸುಲಾ ಕನ್ನಡಕ ಏರಿಸಿ ಪುಸ್ತಕ ತೆರೆದಳು.

“ಇಲ್ಲೊಂದು ಚಿತ್ರ ಇದೆ. ಮುಂಗಾಲಲ್ಲಿ ಕೊಕ್ಕೆ ಇದೆಯಾ ನೋಡ್ರೀ.”

“ಇದೆ. ಬೆಳಿಗ್ಗೆ ಇರ್ಲಿಲ್ಲ.”

“ಹಾಗಿದ್ರೆ… ಗಂಡಂತೆ. ಪ್ರಾಯಕ್ಕೆ ಬಂದಿದೆಯಂತೆ.”

ಗಂಟೆಗಳು ಮೊಳಗುತ್ತಲೇ ಇದ್ದವು. ಉರ್ಸುಲಾ ಕಾಲಿನಿಂದ ಗುಂಡಿಗೆ ಮಣ್ಣು ನೂಕತೊಡಗಿದಳು.

“ಬಿಡಿ, ಉರ್ಸುಲಮ್ಮ. ಮುಚ್ಬೇಡಿ,” ಎಂದ ಅಲೊಯ್ಸಿ, ಡಬ್ಬಿಯನ್ನು ಎದೆಗೊತ್ತಿಕೊಂಡು. “ಮುಂದಿನ ಈಸ್ಟರ್ ಒಳಗೆ ಬೇಕಾಗುತ್ತೆ.”