ಇಂಗ್ಲೆಂಡಿಗೆ ಮಳೆ ಸುರಿಸುವ ಮಾವ

ಇಂಗ್ಲೆಂಡಿಗೇ ಮಳೆ ಒದಗಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಸೋದರಮಾವ. ಊರು ಜಗಳೂರು! ನಮ್ಮೂರಿನ ಮೇಲೆ ಹಾಯುವಾಗ ಮೋಡಗಳು ಸಾಲ ಕೇಳುವವರನ್ನು ಕಂಡಂತೆ ಮುಖ ತಿರುಗಿಸಿಕೊಂಡು ಹೋಗುತ್ತವೆ. ಅಂಥ ಊರಿನವನಿಗೆ ಈ ಕೆಲಸ ಕೊಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ.

ಮಾವ ಅಲ್ಲಿನ ಸಿನಿಮಾ, ಟೀವಿ ಧಾರಾವಾಹಿಗಳಿಗೆ ಮಳೆ ಬರಿಸುತ್ತಾನೆ. ಎತ್ತರದ ಕಂಬಗಳಿಗೆ ಪೈಪು ಕಟ್ಟಿ, ನಿರ್ದೇಶಕರು ಕೈ ಎತ್ತಿದೊಡನೆ ನಲ್ಲಿ ತಿರುಗಿಸುವುದು.

"ಅಲ್ಲಿ ದಿನಾ ಮಳೆ ಅಲ್ವೇನೋ, ನೀನ್ಯಾಕೆ ಬೇಕು?" ಎಂದು ನಮ್ಮಪ್ಪ ಕೇಳಿದರು.

"ನಿಜವಾದ ಮಳೆ ಕ್ಯಾಮೆರಾಕ್ಕೆ ಕಾಣಂಗಿಲ್ಲ ಭಾವ. ಅದು ಬಂದ್ರೆ ನಾವು ಕೊಡೆ ಹಿಡ್ಕೊಂಡು ಕುಂತ್ಕಂತೀವಿ. ಅದು ನಿಂತ ಮೇಲೆ ನಮ್ಮದು ಶುರು."

ರಜೆಗೆ ಬಂದ ಮಾವನನ್ನು ಎಲ್ಲಿಗೂ ಕರೆದೊಯ್ಯುವಂತಿಲ್ಲ. ಚನ್ನಗಿರಿಯ ಒಂದು ಮದುವೆಯಲ್ಲಿ ಇದ್ದಕ್ಕಿದ್ದಂತೆ ಮಳೆ ಹಿಡಿಯಿತು. ಎಲ್ಲರೂ ಚಪ್ಪರದೊಳಗೆ ಓಡಿದರೆ ಇವನು ಅಂಗಳದ ನಡುವೆ ಕಣ್ಣು ಅರೆಮುಚ್ಚಿ ನಿಂತಿದ್ದ. ಹೆಣ್ಣಿನ ತಂದೆ ಗಾಬರಿಯಾಗಿ ಏನಾಯಿತೆಂದು ಕೇಳಿದರು. "ಮದುವೆಗೆ ಈ ಹನಿ ಹೊಂದಂಗಿಲ್ರೀ. ಇದು ಸಾವಿನ ಸೀನಿಂದು" ಎಂದುಬಿಟ್ಟ. ಅವರು ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ.

ನಮ್ಮ ಜೊತೆಗಿರುವ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಒಂದೇ ಆಸೆ. ಮಗ ಅಲ್ಲಿ ಏನು ಮಾಡುತ್ತಾನೆಂದು ಕಣ್ಣಾರೆ ಕಾಣಬೇಕು. ದೃಷ್ಟಿ ದಿನೇದಿನೇ ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. ಮಾವ ಲ್ಯಾಪ್‌ಟಾಪಿನಲ್ಲಿ ತನ್ನ ಧಾರಾವಾಹಿ ತೋರಿಸಿದ. ಮಳೆಯಲ್ಲಿ ಯಾರೋ ಬಿಳಿ ಹೆಂಗಸು ಅಳುತ್ತಿದ್ದಳು.

"ನೀನೆಲ್ಲಿದೀಯೋ?"

"ಕ್ಯಾಮೆರಾ ಹಿಂದೆ ಅಮ್ಮ, ಟ್ಯಾಂಕರ್ ಪಕ್ಕ."

ಕೊನೆಯಲ್ಲಿ ಹೆಸರುಗಳು ಇರುವೆ ಸಾಲಿನಂತೆ ಓಡಿದವು. ಮಾವನ ಹೆಸರು ಬರುವ ಹೊತ್ತಿಗೆ ಮುಂದಿನ ಕಾರ್ಯಕ್ರಮದ ಜಾಹೀರಾತು ಬಂದು ಅಡ್ಡ ಕೂತಿತು.

"ಟ್ಯಾಂಕರ್ ಕಾಯಾಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ಇಲ್ಲೇ ಕಾಯ್ಬೋದಿತ್ತಲ್ಲ" ಎಂದಳು ಅಜ್ಜಿ.

ಮಾವನಿಗೆ ಅದು ನಾಟಿತು. ಮರುದಿನ ಟ್ಯಾಂಕರ್ ತರಿಸಿ, ಹಿತ್ತಲಿನ ಬೇವಿನ ಕೊಂಬೆಗಳಿಗೆ ತೂತು ಕೊರೆದ ಪೈಪು ಕಟ್ಟಿದ. ಹನಿಯ ಬೆನ್ನಿಗೆ ಬೆಳಕು ಬೀಳಬೇಕಂತೆ. ಅಜ್ಜಿಯನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿ, ಹೊತ್ತು ಇಳಿಯುವವರೆಗೆ ನಮ್ಮನ್ನೆಲ್ಲ ಕಾಯಿಸಿ, ಆಮೇಲೆ ನಲ್ಲಿ ತಿರುಗಿಸಿದ.

ಏನು ಹೇಳಲಿ! ಹೊನ್ನಿನ ಬಣ್ಣದ ಮಳೆ, ಅವಸರವಿಲ್ಲದೆ, ನಿದ್ದೆಯಲ್ಲಿ ಕಂಡಂತೆ ಇಳಿಯತೊಡಗಿತು. ಮಣ್ಣಿನ ವಾಸನೆ ಎದ್ದಿತು. ನಾವು ಯಾವ ಊರಿನಲ್ಲಿದ್ದೇವೆಂಬುದೇ ನನಗೆ ಮರೆತುಹೋಯಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಣಹಾಕಿದ್ದ ಸಂಡಿಗೆ ಎತ್ತಲು ಮಹಡಿಗೆ ಓಡಿದಳು. ಓಣಿಯ ಉಳಿದ ಹೆಂಗಸರು ಕೊಡ, ಬಕೆಟ್ಟು ತಂದು ಮಳೆಯಡಿ ಸಾಲಾಗಿ ಇಟ್ಟರು.

"ಕೊಡ ತೆಗೀರವ್ವಾ, ಸೀನು ಕೆಡ್ತೈತೆ" ಎಂದು ಮಾವ ಮರದ ಹಿಂದಿನಿಂದ ಬೇಡಿಕೊಂಡ.

"ಸೀನು ಆಮೇಲೆ ಮಾಡ್ಕಳ್ರಿ, ನೀರು ಹರಿದು ಹೋಗ್ತೈತೆ."

ಅಜ್ಜಿ ಕುರ್ಚಿಯಿಂದ ಎದ್ದಳು. ಮಳೆಯನ್ನು ಅವಳು ನೋಡಲೇ ಇಲ್ಲ. ಗೋಡೆ ಹಿಡಿದು, ಕೊಡಗಳನ್ನು ದಾಟಿ, ಮರದ ಹಿಂದಕ್ಕೆ ಹೋದಳು. ಅಲ್ಲಿ ಮಾವ ನಲ್ಲಿಯ ಮೇಲೆ ಕೈಯಿಟ್ಟು ತೊಪ್ಪೆಯಾಗಿ ನಿಂತಿದ್ದ. ಅಜ್ಜಿ ಅವನ ಮುಖ ತಡವಿ, ಸೆರಗು ಎಳೆದುಕೊಂಡಳು.

"ಅಲ್ಲೂ ಹಿಂಗೇ ನೆನೀತೀಯೇನೋ?"

"ಹ್ಞೂಂ."

"ತಲೆ ಒರೆಸಾಕೆ ಯಾರದಾರೆ?"

ಮಾವ ಅಜ್ಜಿಯ ಕೈಗೆ ಎಟುಕುವಷ್ಟು ತಲೆ ಬಗ್ಗಿಸಿ ನಿಂತ.