ಮಜ್ಜಿಗೆ ಇಲ್ಲದವರ ಗುಂಪು

ರಕ್ತನಿಧಿಯಲ್ಲಿ ಕೆಲಸ ಮಾಡುವವರು ಸದಾ ಮುಖ ಗಂಟಿಕ್ಕಿಕೊಂಡಿರುತ್ತಾರೆ ಅಂತ ಜನ ತಿಳಿದಿದ್ದಾರೆ. ಅವರು ನಮ್ಮ ನಂಜನಗೂಡು, ತಿ. ನರಸೀಪುರದ ರಕ್ತದಾನ ಶಿಬಿರಗಳಿಗೆ ಒಮ್ಮೆ ಬಂದು ನೋಡಲಿ. ನಗು ತಡೆದುಕೊಂಡು ಸೂಜಿ ಚುಚ್ಚುವುದೇ ಅಲ್ಲಿ ದೊಡ್ಡ ವಿದ್ಯೆ.

ನಾನು ರಕ್ತ ವಿಭಾಗದ ಡಾಕ್ಟರು. ಹೊಸದಾಗಿ ಸಂಶೋಧನೆಗೆ ಇಳಿದವರಿಗೆಂದೇ ಇರುವ ದೆಹಲಿಯ ಗ್ರಾಂಟೊಂದು ನನಗೆ ಸಿಕ್ಕಿತು. ರಕ್ತ ಕೊಡುವ ಮುಂಚೆ ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ತಲೆಸುತ್ತು ಕಡಿಮೆಯಾಗುತ್ತದೆಯೇ ಅನ್ನುವುದು ವಿಷಯ. ಬಂದವರು ಚೀಟಿ ಎತ್ತಬೇಕು. ಕೆಂಪು ಬಂದರೆ ಮಜ್ಜಿಗೆ, ಬಿಳಿ ಬಂದರೆ ಇಲ್ಲ. ಆಮೇಲೆ ಎರಡು ಗುಂಪನ್ನೂ ಹೋಲಿಸಬೇಕು. ಮೊದಲ ವರ್ಷ ಸರಿಯಾಗಿ ನಡೆದರೆ ಮಾತ್ರ ಎರಡನೇ ವರ್ಷದ ಹಣ. ಇಲ್ಲದಿದ್ದರೆ ಗ್ರಾಂಟೂ ಇಲ್ಲ, ಸಂಶೋಧಕಿ ಅನ್ನುವ ಹೆಸರೂ ಇಲ್ಲ.

ಅಮ್ಮನ ಎಮ್ಮೆ

ಗ್ರಾಂಟು ಬಂದ ಖುಷಿಗೆ ನಮ್ಮೂರು ಸೋಸಲೆಗೆ ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ರಾಗಿ ಕೇರುವುದನ್ನು ನಿಲ್ಲಿಸಲೇ ಇಲ್ಲ.

“ಮಜ್ಗೆ ಕುಡುದ್ರೆ ತಲೆ ಸುತ್ತಲ್ಲ ಅಂತ ಊರ್ಗೇ ಗೊತ್ತು. ಅದ್ನ ಕಂಡಿಡಿಯಕೆ ಎರಡು ವರ್ಸ ಬೇಕಾ?”

“ಸಾಬೀತು ಮಾಡ್ಬೇಕಮ್ಮ.”

“ಯಾರ್ಗೆ?”

“ದೆಹಲಿಯೋರಿಗೆ.”

ಅಮ್ಮ ಮೊರ ಕೆಳಗಿಟ್ಟು ಯೋಚಿಸಿದಳು. “ಆ ದುಡ್ಡಲ್ಲಿ ಒಂದು ಎಮ್ಮೆ ತಕೋ ಮಗ. ಪ್ರಾಜೆಕ್ಟು ಮುಗುದ್ರೂವೆ ಎಮ್ಮೆ ಇರ್ತದೆ.”

ಬಿಳಿ ಚೀಟಿಯ ಭಾಗ್ಯ

ಮೊದಲ ಶಿಬಿರ ತಿ. ನರಸೀಪುರದಲ್ಲಿ. ನಡೆಸಿದವರು ಮಹಿಳಾ ಸಂಘದ ಅಧ್ಯಕ್ಷೆ. ಎರಡು ತಾಲ್ಲೂಕಿನಲ್ಲೂ ಅವರ ಮಾತಿಗೆ ಎದುರಾಡುವವರಿಲ್ಲ. ಅವರು ರಕ್ತ ಕೊಡಿ ಅಂದರೆ ಜನ ತೋಳು ಮಡಿಸಿಕೊಂಡೇ ಬರುತ್ತಾರೆ. ಬಿಳಿ ಚೀಟಿಯವರಿಗೆ ಮಜ್ಜಿಗೆ ಇಲ್ಲ ಅಂದಾಗ ಅವರ ಮುಖ ಸಪ್ಪಗಾಯಿತು.

“ಒಂದೇ ಸಾಲ್ನಾಗೆ ಕೂರ್ಸಿ ಒಬ್ಬರ್ಗೆ ಕೊಟ್ಟು ಒಬ್ಬರ್ಗೆ ಇಲ್ಲ ಅಂದ್ರೆ ಎಂಗವ್ವ? ಅದ್ನೆಲ್ಲ ಕಂಡೇ ಬಂದೋರು ನಾವು.”

“ಇದು ಆ ಥರದ್ದಲ್ಲಮ್ಮ, ವಿಜ್ಞಾನ” ಅಂದೆ. ಆಯ್ತು ಅಂದುಬಿಟ್ಟರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಬಿಳಿ ಚೀಟಿಯವರೆಲ್ಲ ಸಾಲಾಗಿ ಕೂತು ಎಳನೀರು ಹೀರುತ್ತಿದ್ದಾರೆ! ಅಧ್ಯಕ್ಷೆಯೇ ಗಾಡಿ ತರಿಸಿದ್ದರು. “ಮಜ್ಗೆ ಕೊಟ್ಟಿಲ್ಲ ಕಣವ್ವ, ಸತ್ಯವಾಗ್ಲೂ” ಅಂದರು. ಅಷ್ಟರಲ್ಲಿ ಕೆಂಪು ಚೀಟಿಯವರು ನನ್ನನ್ನು ಸುತ್ತಿಕೊಂಡರು.

“ನಮ್ಗ್ಯಾಕೆ ಎಳ್ನೀರಿಲ್ಲ? ಮಜ್ಗೆ ವಾಪಸ್ ಇಸ್ಕೊಳಿ, ಚೀಟಿ ಬದ್ಲಾಯ್ಸಿ!”

ತಾಂಡ್ಯದ ತಲೆಸುತ್ತು

ಮುಂದಿನ ಶಿಬಿರ ನಂಜನಗೂಡಿನ ಹತ್ತಿರ, ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಇಲ್ಲಿ ಅಧ್ಯಕ್ಷೆಯೂ ಇಲ್ಲ, ಎಳನೀರೂ ಇಲ್ಲ ಅಂತ ನಿರಾಳವಾಗಿದ್ದೆ. ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಮೈಕು ಹಿಡಿದು, “ತಲೆ ಸುತ್ತಿದೋರಿಗೆ ಅರ್ಧ ದಿನ ರಜೆ” ಎಂದು ಘೋಷಿಸಿಬಿಟ್ಟರು.

ಮಜ್ಜಿಗೆ ಕುಡಿದವರಿಗೂ ಸುತ್ತಿತು, ಕುಡಿಯದವರಿಗೂ ಸುತ್ತಿತು. ಒಬ್ಬಾತ ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅಲ್ಲೇ ಗೋಡೆ ಹಿಡಿದು ಕುಸಿದ.

“ನಿಮಗಿನ್ನೂ ಸೂಜೀನೇ ಚುಚ್ಚಿಲ್ವಲ್ರೀ!”

ಒಂದೇ ಕಣ್ಣು ತೆರೆದು ಹೇಳಿದ: “ಚುಚ್ಚೋಗಂಟ ಕಾದ್ರೆ ನಂಜನಗೂಡು ಬಸ್ಸು ಒಂಟೋಯ್ತದೆ ಮೇಡಂ.”

ನೂರಕ್ಕೆ ನೂರು

ವರ್ಷ ಮುಗಿಯುತ್ತ ಬಂತು. ಗ್ರಾಂಟಿನ ಕಡೆಯ ಹಿರಿಯ ವಿಜ್ಞಾನಿಯೊಬ್ಬರು ನಂಜನಗೂಡಿನ ಶಿಬಿರ ನೋಡಲು ಬರುವುದಾಗಿ ಫೋನ್ ಮಾಡಿದರು. “ಮಜ್ಜಿಗೆ ಇಲ್ಲದ ಗುಂಪೇ ಈ ಸಂಶೋಧನೆಯ ಜೀವ. ಅದು ಕೆಟ್ಟಿದ್ದರೆ ಹಣ ನಿಂತಂತೆ” ಎಂದರು. ಆ ಶಿಬಿರವೂ ಅಧ್ಯಕ್ಷೆಯದೇ! ಅವರ ಕೈ ಹಿಡಿದು ಬೇಡಿಕೊಂಡೆ.

“ಚೀಟಿ ಎತ್ತುದ್ಮೇಲೆ ಬಿಳಿಯೋರ್ಗೆ ಒಂದು ತೊಟ್ಟೂ ಕೊಡಲ್ಲ, ನಂಜುಂಡನಾಣೆ” ಅಂದರು.

ಮಾತು ಉಳಿಸಿಕೊಂಡರು ಕೂಡ. ಬಿಳಿ ಚೀಟಿಯವರು ಖಾಲಿ ಕೈಯಲ್ಲಿ ಕೂತಿರುವುದನ್ನು ಕಂಡು ಆ ವಿಜ್ಞಾನಿ, “ಶಿಸ್ತು ಅಂದರೆ ಇದು!” ಎಂದು ಹಿಗ್ಗಿದರು. ಆ ಹಿಗ್ಗಿನಲ್ಲಿ ತಾವೂ ರಕ್ತ ಕೊಡಲು ಮುಂದಾಗಿ ಚೀಟಿ ಎತ್ತಿದರು. ಬಿಳಿ ಬಂತು.

ರಕ್ತ ಕೊಟ್ಟು ಮಂಚದಿಂದ ಇಳಿದರೋ ಇಲ್ಲವೋ, ನನ್ನ ತೋಳಿನ ಮೇಲೆಯೇ ಒರಗಿದರು. ಮಲಗಿಸಿ ಕಾಲು ಎತ್ತಿ ಹಿಡಿದೆವು. ಕಣ್ಣು ಬಿಟ್ಟವರ ಮೊದಲ ಪ್ರಶ್ನೆ, “ಬೇರೆ ಬಿಳಿ ಚೀಟಿಯವರಿಗೆ ಯಾರಿಗೂ ಯಾಕೆ ಸುತ್ತಲಿಲ್ಲ?”

ಅಧ್ಯಕ್ಷೆ ಮುಂದೆ ಬಂದರು. “ಅವ್ರ್ಗೆಲ್ಲ ಗೇಟ್ನಾಗೇ ಮಜ್ಗೆ ಕೊಟ್ಟಿದ್ನಲ್ಲ ಸಾ, ಬಿಸ್ಲಲ್ಲಿ ನಡ್ಕಂಡು ಬಂದೋರು. ಚೀಟಿ ಎತ್ತುದ್ಮೇಲೆ ಕೊಡಲ್ಲ ಅಂತ ತಾನೆ ನಾನು ಆಣೆ ಮಾಡಿದ್ದು? ನೀವು ಕಾರ್ನಾಗೆ ಸೀದಾ ಒಳೀಕೆ ಬಂದ್ಬುಟ್ರಿ.”

ಮುಗಿಯಿತು ನನ್ನ ಗ್ರಾಂಟು ಅಂದುಕೊಂಡೆ. ಅಳುವೇ ಬಂತು.

ವಿಜ್ಞಾನಿ ನನ್ನ ಕಡೆ ತಿರುಗಿದರು. “ಹಾಗಾದರೆ ಮಜ್ಜಿಗೆ ಇಲ್ಲದ ಗುಂಪಿನಲ್ಲಿ ಇರುವುದು ನಾನೊಬ್ಬನೇ?”

“ಹೌದು ಸರ್.”

“ಅದರಲ್ಲಿ ತಲೆಸುತ್ತು?”

“ನೂರಕ್ಕೆ ನೂರು ಸರ್.”

ಮಂಚ ಅಲುಗಾಡುವಷ್ಟು ನಕ್ಕರು. ಅಧ್ಯಕ್ಷೆ ಕೊಟ್ಟ ಮಜ್ಜಿಗೆಯನ್ನು ಗಟಗಟ ಕುಡಿದು ಮೀಸೆ ಒರೆಸಿಕೊಂಡರು. “ಈ ಊರಲ್ಲಿ ಯಾರಿಗೂ ಇಲ್ಲ ಅನ್ನೋಕೆ ಆಗಲ್ಲ. ಹಣ ಮುಂದುವರಿಸಲು ಹೇಳ್ತೀನಿ. ಮುಂದಿನ ವರ್ಷ ಎಲ್ಲರಿಗೂ ಮಜ್ಜಿಗೆ ಕೊಡಿ. ಅರ್ಧ ಜನಕ್ಕೆ ಉಪ್ಪು ಹಾಕಿ, ಅರ್ಧ ಜನಕ್ಕೆ ಹಾಕಬೇಡಿ. ಅದನ್ನೇ ಹೋಲಿಸೋಣ.”

ನನಗೆ ಕುಣಿಯುವಷ್ಟು ಸಂತೋಷ. ಅಧ್ಯಕ್ಷೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು:

“ನೀ ಯೋಚ್ನೆ ಮಾಡ್ಬ್ಯಾಡ ಕಣವ್ವ. ಉಪ್ಪಿಲ್ದೋರ್ಗೆ ನಾನು ಉಪ್ಪಿನ್ಕಾಯಿ ಕೊಡ್ತೀನಿ.”